ಬೋಳು ಮರಗಳ ಸಂದಿಯಲ್ಲಿ ಬೆಟ್ಟ

ನಮಸ್ಕಾರ. ಇವತ್ತು ಸುಮ್ನೆ ಒಂದು ಸಣ್ಣ ಜಗಳ ತೆಗೆಯೋಣ ಅಂತಿದ್ದೇನೆ. ಬೆಟ್ಟ ನೋಡಬೇಕಾದರೆ ಬೆಟ್ಟ ಹತ್ತಲೇಬೇಕು ಅನ್ನುವವರ ಜೊತೆ.

ತುದಿಯಲ್ಲಿ ನಿಂತವನಿಗೆ ತಾನು ನಿಂತ ಬೆಟ್ಟವೇ ಕಾಣುವುದಿಲ್ಲ. ಹೌದು ಅಲ್ವಾ? ಅದನ್ನು ನೋಡಬೇಕಾದರೆ ಸ್ವಲ್ಪ ದೂರದಲ್ಲಿ, ಸ್ವಲ್ಪ ಕೆಳಗೆ ಇರಬೇಕು. ಚಳಿ ಈಗಷ್ಟೇ ಕಾಲಿಡುತ್ತಿರುವ ಹೊತ್ತಿನಲ್ಲಿ, ಏರು ಕಡಿಮೆ ಇರುವ ಒಂದು ಕಾಡುದಾರಿ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಚಳಿ ಸೀಮೆಯಲ್ಲಿ ಎಲೆ ಉದುರಿಸುವ ಮರಗಳ ಕಾಡು ಬೇಸಿಗೆಯಲ್ಲಿ ಹಸಿರು ಗೋಡೆ. ಅದರಾಚೆ ಏನಿದೆ ಅಂತ ಗೊತ್ತೇ ಆಗುವುದಿಲ್ಲ. ಹಗಲು ಚಿಕ್ಕದಾಗಿ ಚಳಿ ಏರಿದ ಹಾಗೆ ಮರ ತನ್ನ ಲೆಕ್ಕ ಚುಕ್ತಾ ಮಾಡಲು ಕೂರುತ್ತದೆ. ಎಲೆಯಲ್ಲಿರುವ ಹಸಿರನ್ನು ಒಡೆದು, ಬೇಕಾದ ಸತ್ವವನ್ನು ಒಳಗೆ ಎಳೆದುಕೊಳ್ಳುತ್ತದೆ. ಆಗ ಕಾಣುವ ಹಳದಿ ಹೊಸದಾಗಿ ಬಂದದ್ದಲ್ಲ, ಹಸಿರಿನ ಅಡಿಯಲ್ಲಿ ಮೊದಲಿಂದಲೂ ಇದ್ದದ್ದು. ಆಮೇಲೆ ಎಲೆಯ ತೊಟ್ಟಿನ ಬುಡದಲ್ಲಿ ಜೀವಕೋಶಗಳ ಒಂದು ತೆಳು ಪದರ ಸಡಿಲವಾಗುತ್ತದೆ. ಎಲೆ ಉದುರಿಸಿದ ಹೆಸರು ಗಾಳಿಗೆ ಬರುತ್ತದೆ, ಆದರೆ ಕೆಲಸವೆಲ್ಲ ಮರದ್ದೇ.

ಆಗ ಸಿಗುತ್ತದೆ ನೋಡಿ ಬೆಟ್ಟ. ಅದೂ ತುಂಡು ತುಂಡಾಗಿ. ಎರಡು ಕಾಂಡಗಳ ನಡುವೆ ಒಂದು ಹೆಗಲು. ನಾಲ್ಕು ಹೆಜ್ಜೆ ಹಾಕಿದರೆ ಮಾಯ. ತಿರುವು ದಾಟಿದರೆ ಅದೇ ಬೆಟ್ಟ, ಇನ್ನೊಂದು ಮಗ್ಗುಲಿಂದ. ವ್ಯೂ ಪಾಯಿಂಟಿನಲ್ಲಿ ಎಲ್ಲವೂ ಒಂದೇ ಸಲ ಕಣ್ಣ ಮುಂದೆ ಬಂದು ಬೀಳುತ್ತದೆ, ಐದು ನಿಮಿಷಕ್ಕೆ ಕೈ ಫೋನ್ ಹುಡುಕುತ್ತದೆ. ಇಲ್ಲಿ ಹಾಗಲ್ಲ, ಕಣ್ಣಿಗೆ ಕೆಲಸ ಇದೆ. ಅಂದ ಹಾಗೆ, ಕೆಲವು ಓಕ್ ಮರಗಳು ಮಹಾ ಜಿಪುಣರು. ಒಣಗಿದ ಎಲೆಯನ್ನೂ ವಸಂತದವರೆಗೆ ಬಿಡುವುದಿಲ್ಲ. ಸರಿಯಾಗಿ ನಮಗೆ ಬೇಕಾದ ಕಡೆಯೇ ಅಡ್ಡ ನಿಂತು, ಗಾಳಿ ಬಂದಾಗ ಗರಗರ ಅನ್ನುತ್ತವೆ.

ಬಿಸಿಲಿನದು ಇನ್ನೊಂದು ಕತೆ. ಈ ಕಾಲದಲ್ಲಿ ಸೂರ್ಯ ಮಧ್ಯಾಹ್ನವೂ ಜಾಸ್ತಿ ಮೇಲೇರುವುದಿಲ್ಲ. ಬಿಸಿಲು ಓರೆಯಾಗಿ ಬೀಳುವುದರಿಂದ ಬೆಟ್ಟದ ಪ್ರತಿ ಮಡಿಕೆಗೂ ನೆರಳು ಸಿಗುತ್ತದೆ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಚಪ್ಪಟೆಯಾಗಿ ಕಾಣುತ್ತಿದ್ದ ಇಳಿಜಾರಿನಲ್ಲಿ ಈಗ ಕಣಿವೆ, ಕೊರಕಲು ಎಲ್ಲ ಎದ್ದು ಕಾಣುತ್ತವೆ. ಅದರ ಹಿಂದಿನ ಸಾಲು ಸ್ವಲ್ಪ ನೀಲಿ, ಅದರ ಹಿಂದಿನದು ಇನ್ನೂ ನೀಲಿ. ನಡುವೆ ಇರುವ ಗಾಳಿಯೇ ನೀಲಿ ಬೆಳಕನ್ನು ಚೆದುರಿಸುತ್ತದೆ. ದೂರ ಹೆಚ್ಚಾದಷ್ಟೂ ಗಾಳಿ ಹೆಚ್ಚು, ನೀಲಿಯೂ ಹೆಚ್ಚು.

ಇದಕ್ಕೆಲ್ಲ ನಸುಕಿನಲ್ಲೇ ಏಳಬೇಕು ಅನ್ನುವವರಿದ್ದಾರೆ. ನಾನು ಏಳುವುದಿಲ್ಲ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ತಗ್ಗಿಗೆ ಜಾರುತ್ತದೆ, ಕಣಿವೆಯಲ್ಲಿ ಮಂಜು ತುಂಬಿಕೊಂಡಿರುತ್ತದೆ. ಅದರ ಮೇಲಿದ್ದರೆ ಸ್ವರ್ಗ, ಒಳಗಿದ್ದರೆ ಮುಂದಿನ ಮರವೂ ಕಾಣದು. ಹತ್ತು ಗಂಟೆಗೆ ಹೊರಟರೆ ಮಂಜು ಕರಗುವುದನ್ನೂ ನೋಡಬಹುದು, ನಿದ್ದೆಯೂ ಆಗಿರುತ್ತದೆ.

ತೀರಾ ತಡ ಮಾಡಬೇಡಿ ಅಷ್ಟೇ. 1892ರಲ್ಲಿ ವಿಲಿಯಂ ನೇಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಲೆಕ್ಕ ಕೊಟ್ಟ. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 6 ಕಿಲೋಮೀಟರ್ ದಾರಿ, 150 ಮೀಟರ್ ಏರು ಇದ್ದರೆ ಒಂದೂವರೆ ಗಂಟೆಯೊಳಗೆ ಮುಗಿಯಬೇಕು. ನನಗೆ ಎರಡೂವರೆ ಬೇಕು. ನೇಸ್ಮಿತ್ ಪ್ರತಿ ಸಂದಿಯಲ್ಲೂ ನಿಂತು ಇಣುಕುವವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಈ ಕಾಲದಲ್ಲಿ ಹೊತ್ತು ಬೇಗ ಮುಳುಗುತ್ತದೆ, ಕಾಡಿನೊಳಗೆ ಕತ್ತಲು ಇನ್ನೂ ಬೇಗ. ಹಾಗಾಗಿ ವಾಪಸ್ ತಿರುಗುವ ಹೊತ್ತನ್ನು ಹೊರಡುವಾಗಲೇ ಗೊತ್ತು ಮಾಡಿಕೊಳ್ಳಿ.

ಬಟ್ಟೆಯ ವಿಷಯದಲ್ಲಿ ನಾನು ಪೆಟ್ಟು ತಿಂದು ಕಲಿತವನು. ಒಮ್ಮೆ ಚಳಿ ಅಂತ ದಪ್ಪ ಜಾಕೆಟ್ ಹಾಕಿ ಹೊರಟೆ. ಮೊದಲ ಏರಿಗೇ ಒಳಗೆಲ್ಲ ಬೆವರು. ಬೆಟ್ಟ ನೋಡಲು ನಿಂತ ಕೂಡಲೇ ಅದೇ ಬೆವರು ಆರುತ್ತಾ ಹಲ್ಲು ಕಟಕಟ ಅನ್ನಿಸಿತು. ಈಗ ತೆಳುವಾದ ಎರಡು ಮೂರು ಬಟ್ಟೆ ಒಂದರ ಮೇಲೊಂದು ಹಾಕುತ್ತೇನೆ. ಬೆವರುವ ಮೊದಲೇ ಒಂದನ್ನು ಬಿಚ್ಚುತ್ತೇನೆ, ನಿಂತಾಗ ಮತ್ತೆ ಹಾಕುತ್ತೇನೆ. ಒದ್ದೆ ತರಗೆಲೆಯ ಮೇಲೆ ಜಾರುತ್ತದೆ, ಅಡಿಯಲ್ಲಿ ಬೇರೂ ಕಲ್ಲೂ ಅಡಗಿರುತ್ತವೆ. ಬೆಟ್ಟ ನೋಡುವಾಗ ನಿಂತು ನೋಡಿ, ನಡೆಯುವಾಗ ನೆಲ ನೋಡಿ.

ತುದಿ ಹತ್ತುವವರು ಹತ್ತಲಿ, ಬೇಡ ಅನ್ನುವುದಿಲ್ಲ. ನಾನು ಮುಂದಿನ ವಾರ ಮತ್ತೆ ಹಳೆಯ ದಾರಿಗೇ ಹೋಗುತ್ತೇನೆ. ಕೊನೆಯ ತಿರುವಿನ ಓಕ್ ಮರದ ಹಿಂದೆ ಇನ್ನೂ ಒಂದು ನೀಲಿ ಸಾಲು ಇದೆ ಅಂತ ನನಗೆ ಅನುಮಾನ. ಈ ಜಿಪುಣ ಬಿಟ್ಟರೆ ತಾನೇ!