ಮ್ಯಾಕ್‌ಬೆತ್ ಬಿದ್ದದ್ದು ಯಾವ ಮಾತಿಗೆ?

[ತೆರೆಯ ಮೇಲೆ: ಅಂಕ 1, ದೃಶ್ಯ 7]

ನಿರೂಪಣೆ: ಶೇಕ್ಸ್‌ಪಿಯರ್‌ನ ನಾಟಕದಲ್ಲಿ ತನ್ನ ದೊರೆಯನ್ನೇ ಕೊಂದ ಸೇನಾನಿ ಮ್ಯಾಕ್‌ಬೆತ್ ಹಾಳಾದದ್ದು ಪಟ್ಟದ ಆಸೆಯಿಂದ ಅಂತಾರೆ. ಒಪ್ಪೋಣ. ಆದರೆ ಈ ದೃಶ್ಯವನ್ನು ನಿಧಾನವಾಗಿ ಓದಿ. ದೊರೆ ಡಂಕನ್ ಒಳಗೆ ಊಟಕ್ಕೆ ಕೂತಿದ್ದಾನೆ. ಮ್ಯಾಕ್‌ಬೆತ್ ನಡುವೆಯೇ ಎದ್ದು ಬಂದು ಲೆಕ್ಕ ಹಾಕುತ್ತಾನೆ: ಇವನು ನನ್ನ ನೆಂಟ, ನನ್ನ ಒಡೆಯ, ಈ ರಾತ್ರಿ ನನ್ನ ಮನೆಯ ಅತಿಥಿ. ಕೊಲೆಗಾರನಿಗೆ ಬಾಗಿಲು ಹಾಕಬೇಕಾದ ನಾನೇ ಚೂರಿ ಹಿಡಿಯುವುದೇ? ಹೆಂಡತಿ ಬಂದ ಕೂಡಲೇ ‘ಈ ವಿಷಯ ಇಲ್ಲಿಗೇ ಬಿಡೋಣ’ ಎನ್ನುತ್ತಾನೆ. ಆಸೆ ಇಲ್ಲಿ ಸೋತಿದೆ.

ಸುಮಾರು 50 ಸಾಲು ಕಳೆಯುವಷ್ಟರಲ್ಲಿ ಅದೇ ಮನುಷ್ಯ ಕೊಲೆಗೆ ಸಿದ್ಧ!

ನಡುವೆ ಏನಾಯಿತು? ಅವಳು ಕಿರೀಟದ ಸೊಗಸನ್ನು ವರ್ಣಿಸುವುದಿಲ್ಲ. ಹೇಡಿ ಎನ್ನುತ್ತಾಳೆ. ಅವನ ಉತ್ತರ: ‘ಮ್ಯಾನ್‌ಗೆ ತಕ್ಕದ್ದನ್ನೆಲ್ಲ ಮಾಡಬಲ್ಲೆ, ಅದನ್ನು ಮೀರಿದವನು ಮ್ಯಾನ್ ಅಲ್ಲ.’ ಇಂಗ್ಲಿಷಿನ ಈ ಒಂದು ಪದದಲ್ಲಿ ಮನುಷ್ಯ, ಗಂಡಸು ಎರಡೂ ಇವೆ. ಕನ್ನಡಕ್ಕೆ ತರುವವರು ಒಂದನ್ನು ಆರಿಸಲೇಬೇಕು, ಆರಿಸುವಾಗಲೇ ದೃಶ್ಯದ ಗುಟ್ಟು ತಿಳಿಯುತ್ತದೆ. ಅವನು ‘ಮನುಷ್ಯ’ ಎನ್ನುತ್ತಿದ್ದಾನೆ. ಅವಳು ‘ಗಂಡಸು’ ಎಂದು ತಿರುಗಿಸುತ್ತಾಳೆ: ‘ಮಾಡುವ ಧೈರ್ಯ ಇದ್ದಾಗ ನೀನು ಗಂಡಸಾಗಿದ್ದೆ.’

ಈ ಏಟು ತಾಗಲು ಕಾರಣ ಎರಡನೇ ದೃಶ್ಯದಲ್ಲೇ ಇದೆ. ಮ್ಯಾಕ್‌ಬೆತ್ ಶತ್ರುವನ್ನು ಹೊಕ್ಕುಳಿಂದ ದವಡೆಯವರೆಗೆ ಸೀಳಿದ ಎಂದು ಗಾಯಾಳು ಸೈನಿಕ ವರದಿ ಒಪ್ಪಿಸುತ್ತಾನೆ. ಡಂಕನ್ ಹಿಗ್ಗಿ ಹೊಗಳುತ್ತಾನೆ. ಕೊಂದರೆ ಮಾನ. ಗಂಡಸುತನಕ್ಕೆ ಮ್ಯಾಕ್‌ಬೆತ್‌ಗೆ ಗೊತ್ತಿರುವ ಅಳತೆ ಅದೊಂದೇ.

[ಹತ್ತಿರದ ಶಾಟ್: ರಕ್ತ ಮೆತ್ತಿದ ಎರಡು ಕೈ, ಎರಡು ಚೂರಿ. ಸಂಗೀತ ಬೇಡ.]

ನಿರೂಪಣೆ: ಅಂಕ 2, ದೃಶ್ಯ 2. ಚೂರಿಗಳನ್ನು ಕಾವಲುಗಾರರ ಪಕ್ಕ ಬಿಟ್ಟು ಬರಬೇಕಿತ್ತು, ಕೈಯಲ್ಲೇ ಹಿಡಿದು ಬಂದಿದ್ದಾನೆ. ವಾಪಸ್ ಇಡಲು ಹೋಗಲಾರ. ‘ಆಮೆನ್’ ಎನ್ನಲು ಹೋದರೆ ಗಂಟಲಲ್ಲೇ ಸಿಕ್ಕಿಕೊಂಡಿತಂತೆ. ಹೆಂಡತಿಯೇ ಚೂರಿ ಇಟ್ಟು ಬಂದು ‘ಸ್ವಲ್ಪ ನೀರು ಸಾಕು’ ಎನ್ನುತ್ತಾಳೆ. ಆದರೆ ಮಲಗಿದ್ದ ಡಂಕನ್ ತನ್ನ ಅಪ್ಪನ ಹಾಗೆ ಕಂಡದ್ದರಿಂದ ತನ್ನ ಕೈ ಏಳಲಿಲ್ಲ ಎಂದವಳೂ ಅವಳೇ. ಈ ಸಾಲನ್ನು ದಾಟಿಸಿ ಓದಬೇಡಿ. ಐದನೇ ಅಂಕದಲ್ಲಿ ಅವಳು ನಿದ್ದೆಗಣ್ಣಲ್ಲಿ ಕೈ ಉಜ್ಜುತ್ತಾಳಲ್ಲ, ಅದರ ಬೀಜ ಇಲ್ಲಿದೆ. ಒಮ್ಮೊಮ್ಮೆ ಕಾಲು ಗಂಟೆ ಹೀಗೇ ತೊಳೆಯುತ್ತಾಳೆ ಎಂದು ದಾಸಿ ವೈದ್ಯನಿಗೆ ಹೇಳುತ್ತಾಳೆ.

ಮ್ಯಾಕ್‌ಬೆತ್ ಮಾತ್ರ ಆ ನೋವನ್ನು ತುಳಿದು ನಡೆಯುತ್ತಾನೆ. ತನಗೆ ಚುಚ್ಚಿದ ಮುಳ್ಳನ್ನೇ ಇನ್ನೊಬ್ಬರಿಗೆ ಚುಚ್ಚುವುದನ್ನೂ ಕಲಿತಿದ್ದಾನೆ: ಜೊತೆಯ ಸೇನಾನಿ ಬ್ಯಾಂಕ್ವೋನನ್ನು ಕೊಲ್ಲಲು ಕರೆಸಿದವರಿಗೆ, ನಾಯಿಗಳಲ್ಲಿ ತಳಿ ಇರುವಂತೆ ನೀವೂ ಪಟ್ಟಿಯಲ್ಲಿ ಗಂಡಸರೇ, ಎಷ್ಟನೆಯ ದರ್ಜೆಯವರು ಎಂದು ಕೆಣಕುತ್ತಾನೆ. ಆ ರಾತ್ರಿಯ ಔತಣದಲ್ಲಿ ಬ್ಯಾಂಕ್ವೋನ ಪ್ರೇತ ಕಂಡು ನಡುಗುವಾಗ ಹೆಂಡತಿಯ ಬಾಯಲ್ಲಿ ಮತ್ತೆ ಅದೇ ಪ್ರಶ್ನೆ: ‘ನೀನು ಗಂಡಸಾ?’

[ತೆರೆಯ ಮೇಲೆ: ಅಂಕ 4, ದೃಶ್ಯ 3]

ನಿರೂಪಣೆ: ತನ್ನ ಹೆಂಡತಿ ಮಕ್ಕಳನ್ನು ಮ್ಯಾಕ್‌ಬೆತ್ ಕೊಲ್ಲಿಸಿದ ಸುದ್ದಿ ಬಂದಾಗ ಸರದಾರ ಮ್ಯಾಕ್‌ಡಫ್‌ಗೆ ಡಂಕನ್‌ನ ಮಗ ಮ್ಯಾಲ್ಕಮ್ ‘ಗಂಡಸಿನ ಹಾಗೆ ಎದುರಿಸು’ ಎನ್ನುತ್ತಾನೆ. ಮ್ಯಾಕ್‌ಡಫ್‌ನ ಉತ್ತರ: ‘ಎದುರಿಸುತ್ತೇನೆ, ಆದರೆ ಮನುಷ್ಯನ ಹಾಗೆ ನೋಯಲೂಬೇಕು.’ ನಾಟಕದ ಅತ್ಯಂತ ಧೈರ್ಯದ ಮಾತು ಇದೇ. ನಟರು ಇದನ್ನು ಅಬ್ಬರಿಸಿ ಹೇಳಿದರೆ ಸತ್ತುಹೋಗುತ್ತದೆ.

ಕೊನೆಯ ಕಾಳಗ. ಹೆಣ್ಣು ಹೆತ್ತ ಯಾರೂ ನಿನಗೆ ಕೇಡು ಮಾಡಲಾರರು ಎಂಬ ಭವಿಷ್ಯವಾಣಿಯನ್ನು ಮ್ಯಾಕ್‌ಬೆತ್ ನಂಬಿದ್ದಾನೆ. ಮ್ಯಾಕ್‌ಡಫ್ ತಾಯಿಯ ಹೊಟ್ಟೆ ಸೀಳಿ ತೆಗೆದ ಕೂಸು ಎಂದು ತಿಳಿದಾಗ ಮ್ಯಾಕ್‌ಬೆತ್ ‘ನಿನ್ನೊಡನೆ ಹೋರಾಡಲಾರೆ’ ಎನ್ನುತ್ತಾನೆ. ‘ಹಾಗಾದರೆ ಶರಣಾಗು, ಹೇಡಿ’ ಎನ್ನುತ್ತಾನೆ ಮ್ಯಾಕ್‌ಡಫ್. ಜನ ನಿನ್ನನ್ನು ನೋಡಿ ನಗಲಿ ಎಂದೂ ಸೇರಿಸುತ್ತಾನೆ. ಮೊದಲ ಅಂಕದಲ್ಲಿ ಕೇಳಿದ್ದ ಅದೇ ‘ಹೇಡಿ’. ಮ್ಯಾಕ್‌ಬೆತ್ ಗುರಾಣಿ ಎತ್ತುತ್ತಾನೆ.