ಊತ ಇಳಿಯಿತು, ಕಿವಿ ಕೇಳಿಸುತ್ತಿದೆಯಾ?

ನಮಸ್ಕಾರ. ಇವತ್ತು ಮಂಗನಬಾವಿನ ಬಗ್ಗೆ ಮಾತಾಡಬೇಕು. ಗದ್ದಕಟ್ಟು ಅಂತಲೂ ಅನ್ನುತ್ತಾರಲ್ಲ, ಅದೇ. ಮಗುವಿನ ಕೆನ್ನೆ ಊದಿದರೆ ಬೇವು, ಅರಿಶಿನ ಅರೆದು ಹಚ್ಚುತ್ತೇವೆ. ಗಂಜಿ ಕುಡಿಸುತ್ತೇವೆ. ವಾರದೊಳಗೆ ಊತ ಇಳಿಯುತ್ತದೆ, ಮಗು ಶಾಲೆಗೆ ಹೊರಡುತ್ತದೆ. ಜಾಸ್ತಿ ಮಕ್ಕಳಿಗೆ ಅಷ್ಟಕ್ಕೇ ಮುಗಿಯುತ್ತದೆ, ನಿಜ. ಆದರೆ ಕೆಲವರಲ್ಲಿ ಆ ವೈರಸ್ ಒಳಗಿವಿಯನ್ನು ಹಾಳುಮಾಡಿ, ಒಂದೆರಡು ದಿನದಲ್ಲೇ ಒಂದು ಕಿವಿಯನ್ನು ಪೂರ್ತಿ ಕಿವುಡು ಮಾಡಿಬಿಡುತ್ತದೆ. ಹೋದ ಕಿವಿ ಮರಳಿ ಬರುವುದು ಅಪರೂಪ.

ನನ್ನನ್ನು ಕಾಡುವುದು ಏನು ಗೊತ್ತಾ? ಮನೆಯವರಿಗೆ ಇದು ತಿಳಿಯುವುದೇ ಇಲ್ಲ. ಇನ್ನೊಂದು ಕಿವಿ ಚೆನ್ನಾಗಿರುತ್ತದೆ, ಕರೆದರೆ ಮಗು ಓಗೊಡುತ್ತದೆ. ಯಾವತ್ತೋ ಅಜ್ಜಿ ಫೋನ್ ಮಾಡಿದಾಗ, 'ಈ ಕಿವಿಯಲ್ಲಿ ಏನೂ ಕೇಳಿಸ್ತಿಲ್ಲಮ್ಮ' ಅನ್ನುತ್ತದೆ. ಅಷ್ಟರಲ್ಲಿ ತಿಂಗಳುಗಳೇ ಕಳೆದಿರಬಹುದು. ಕ್ಲಾಸಿನ ಗಲಾಟೆಯಲ್ಲಿ ಟೀಚರ್ ಹೇಳಿದ್ದು ಅರ್ಧ ಕೇಳಿಸಿ, ಗಮನವಿಲ್ಲ ಅಂತ ಬೈಸಿಕೊಂಡಿರುತ್ತದೆ. ರಸ್ತೆಯಲ್ಲಿ ಹಾರ್ನ್ ಕೇಳಿಸುತ್ತದೆ, ಯಾವ ಕಡೆಯಿಂದ ಅಂತ ಗೊತ್ತಾಗುವುದಿಲ್ಲ. ಅದನ್ನು ತಿಳಿಯೋಕೆ ಎರಡೂ ಕಿವಿ ಬೇಕಲ್ವಾ?

ಇದನ್ನು ತಡೆಯುವ ಲಸಿಕೆ ಇದೆ. ಎಂಎಂಆರ್, ಅಂದರೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಒಂದೇ ಲಸಿಕೆ. ಸರ್ಕಾರ ಉಚಿತವಾಗಿ ಕೊಡುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾಗೆ ಮಾತ್ರ. 2017ರ ಫೆಬ್ರವರಿಯಲ್ಲಿ ನಮ್ಮ ಶಾಲೆಗಳಲ್ಲಿ ಸಾಲಾಗಿ ನಿಲ್ಲಿಸಿ ಹಾಕಿದರಲ್ಲ, ಅದೂ ಇದೇ. ಮಂಗನಬಾವನ್ನು ಬಿಟ್ಟುಬಿಟ್ಟರು. ಮಕ್ಕಳ ವೈದ್ಯರ ಸಂಘವಾದ ಐಎಪಿ ಎಂಎಂಆರ್ ಹಾಕಿಸಿ ಅನ್ನುತ್ತದೆ, ಆದರೆ ಖಾಸಗಿ ಕ್ಲಿನಿಕ್ಕಿನಲ್ಲಿ ದುಡ್ಡು ಕೊಡಬೇಕು. ಕೂಲಿ ಮಾಡುವವರ ಮಗುವಿನ ಕಿವಿ ಕಿವಿಯಲ್ಲವಾ? ಈ ಲಸಿಕೆಯನ್ನು ಪೋಷಕರ ಇಷ್ಟಕ್ಕೆ ಬಿಟ್ಟ ಜಪಾನಿನಲ್ಲಿ 2015 ಮತ್ತು 2016ರಲ್ಲಿ 300ಕ್ಕೂ ಹೆಚ್ಚು ಜನ ಹೀಗೆ ಕಿವಿ ಕಳೆದುಕೊಂಡರು. ಉಚಿತ ಪಟ್ಟಿಗೆ ಎಂಎಂಆರ್ ಸೇರಲೇಬೇಕು. ಇದನ್ನು ನಾನು ಕೇಳುತ್ತಲೇ ಇರುತ್ತೇನೆ.

ಅಲ್ಲಿಯವರೆಗೆ, ಮಂಗನಬಾವು ಬಂದ ಮಗುವಿನ ಒಂದೊಂದೇ ಕಿವಿಗೆ ಫೋನ್ ಹಿಡಿದು ನೋಡಿ. ಊತ ಇದ್ದಾಗಲೂ, ಇಳಿದ ಮೇಲೂ. ಒಂದರಲ್ಲಿ ಕೇಳಿಸದಿದ್ದರೆ ಎಣ್ಣೆ ಬಿಟ್ಟು ಕಾಯಬೇಡಿ. ಅವತ್ತೇ ಕಿವಿ ಡಾಕ್ಟರ ಹತ್ತಿರ ಹೋಗಿ. ದಿಢೀರ್ ಕಿವುಡಿಗೆ ಬೇರೆ ಕಾರಣಗಳೂ ಇರುತ್ತವೆ, ಅವುಗಳಲ್ಲಿ ಕೆಲವಕ್ಕೆ ಮೊದಲ ಎರಡು ವಾರದೊಳಗೆ ಸ್ಟೀರಾಯ್ಡ್ ಕೊಟ್ಟರೆ ಕಿವಿ ಉಳಿಯಬಹುದು. ಮೈಸೂರಿನ ಸುತ್ತಮುತ್ತ ಇರುವವರಿಗೆ ಮಾನಸಗಂಗೋತ್ರಿಯಲ್ಲಿ ಆಯಿಷ್, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಅಲ್ಲಿ ಇದೇ ಕೆಲಸ.