ಊಟಿ ರೈಲಿನ ಅಸಲಿ ದಾರಿ ಕೂನೂರಿನ ಕೆಳಗಿದೆ

ನಮಸ್ಕಾರ ಸ್ನೇಹಿತರೇ. ಬೆಂಗಳೂರು, ಮೈಸೂರು ಕಡೆಯಿಂದ ಊಟಿಗೆ ಹೋಗುವ ನಾವೆಲ್ಲ ಸಾಮಾನ್ಯವಾಗಿ ಏನು ಮಾಡ್ತೀವಿ? ಬಂಡೀಪುರ ದಾಟಿ, ಗೂಡಲೂರೋ ಮಸಿನಗುಡಿಯೋ ಹಿಡಿದು ಬೆಟ್ಟ ಹತ್ತುತ್ತೀವಿ. ಊರು ಸುತ್ತಿ ಆದಮೇಲೆ ಊಟಿ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಕೂನೂರಿನಲ್ಲಿ ಇಳಿದು, ಹಬೆ ರೈಲಿನಲ್ಲಿ ಹೋಗಿ ಬಂದ್ವಿ ಅಂತ ಮನೆಯವರಿಗೆ ಹೇಳ್ತೀವಿ. ಕೇತಿ ಕಣಿವೆ, ಬಡಗರ ಊರುಗಳು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತರಕಾರಿ ಹೊಲಗಳು, ಆ ದಾರಿಗೆ ಹೆಸರಿಡುವ ಹಾಗಿಲ್ಲ. ಆದರೆ ಅಲ್ಲಿ ದಿನನಿತ್ಯದ ಗಾಡಿಗಳಿಗೆ ಕಟ್ಟುವುದು ಡೀಸೆಲ್ ಎಂಜಿನ್. ಹಬೆ ಎಂಜಿನ್ ದುಡಿಯುವುದು ಕೂನೂರಿನಿಂದ ಕೆಳಗೆ, ಮೆಟ್ಟುಪಾಳ್ಯದವರೆಗೆ. ನೀಲಗಿರಿ ರೈಲನ್ನು ನೀಲಗಿರಿ ರೈಲು ಮಾಡಿದ ದಾರಿ ಅದೇ, ನಮ್ಮ ಕಡೆಯವರು ಹೆಚ್ಚಿನವರು ನೋಡದೇ ಬಿಡುವುದೂ ಅದನ್ನೇ.

ನೋಡಬೇಕಾದರೆ ಕೆಳಗಿನಿಂದ ಹತ್ತಬೇಕು. ಕೊಯಮತ್ತೂರಿಗೆ ಹೋಗಿ, ಅಲ್ಲಿಂದ ಮೆಟ್ಟುಪಾಳ್ಯಕ್ಕೆ ಹೋಗಿ ರಾತ್ರಿ ಉಳಿದುಬಿಡಿ. ಬೆಳಗ್ಗೆ ಏಳರ ಹೊತ್ತಿಗೆ ಗಾಡಿ ಹೊರಡುತ್ತೆ, ಊಟಿ ಮುಟ್ಟುವಾಗ ಮಧ್ಯಾಹ್ನ. ದೂರ ಬರೀ 46 ಕಿಲೋಮೀಟರ್. ಬಸ್ಸಿನಲ್ಲಿ ಇದಕ್ಕಿಂತ ಬೇಗ ಹೋಗಬಹುದಲ್ಲ ಅಂತ ಯಾರಾದರೂ ಕೇಳಿದರೆ, ಹೌದು, ಹೋಗಬಹುದು. ಆದರೆ ಆ ನಿಧಾನಕ್ಕೆ ಒಂದು ಕಾರಣ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ.

ಕಲ್ಲಾರ್ ಸ್ಟೇಷನ್ ತನಕ ಇದು ಬೇರೆ ಮೀಟರ್ ಗೇಜ್ ರೈಲಿನ ಹಾಗೆಯೇ. ಕಲ್ಲಾರ್ ದಾಟಿದ ಮೇಲೆ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಉಕ್ಕಿನ ಪಟ್ಟಿ ಶುರುವಾಗುತ್ತೆ. ಒಂದಲ್ಲ, ಪಕ್ಕಪಕ್ಕದಲ್ಲಿ ಎರಡು. ಒಂದು ಪಟ್ಟಿಯ ಹಲ್ಲಿನ ಎದುರು ಇನ್ನೊಂದರ ಸಂದು ಬರುವಂತೆ ಜೋಡಿಸಿದ್ದಾರೆ. ಎಂಜಿನ್ನಿನ ಹೊಟ್ಟೆಯ ಕೆಳಗಿರುವ ಹಲ್ಲುಚಕ್ರಗಳು ಇವನ್ನು ಕಚ್ಚಿಕೊಂಡು ಮೇಲೇರುತ್ತವೆ. ತೆಂಗಿನಮರ ಹತ್ತುವವನು ಒಂದು ಹಿಡಿತ ಬಿಡುವ ಮೊದಲೇ ಇನ್ನೊಂದು ಹಿಡಿತ ಗಟ್ಟಿ ಮಾಡಿಕೊಂಡಿರ್ತಾನಲ್ಲ, ಇದೂ ಹಾಗೇ. ಯಾವುದೋ ಒಂದು ಹಲ್ಲು ಯಾವಾಗಲೂ ಕಚ್ಚಿಕೊಂಡೇ ಇರಬೇಕು. ಯಾಕೆಂದರೆ ಕೆಲವು ಕಡೆ ಇಲ್ಲಿನ ಏರು ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಅಂಥ ಏರಿನಲ್ಲಿ ಬರೀ ಗಾಲಿಯನ್ನು ನಂಬಿದರೆ ಹಳಿ ಮೇಲೆ ಜಾರುತ್ತೆ. ಇಡೀ ಭಾರತದಲ್ಲಿ ಹೀಗೆ ಹಲ್ಲುಪಟ್ಟಿ ಹಿಡಿದು ಬೆಟ್ಟ ಹತ್ತುವ ರೈಲು ಇದೊಂದೇ.

ಎಂಜಿನ್ನನ್ನು ಹತ್ತಿರದಿಂದ ನೋಡಿ. ಎಕ್ಸ್ ಕ್ಲಾಸ್ ಅಂತ ಅದರ ಹೆಸರು, ಮೂಲ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರು. ಒಂದೊಂದು ಬದಿಯಲ್ಲೂ ಒಂದರ ಮೇಲೊಂದು ಎರಡು ಸಿಲಿಂಡರ್, ಅಂದರೆ ಹಬೆ ನುಗ್ಗಿ ಒಳಗಿನ ದಂಡವನ್ನು ತಳ್ಳುವ ಕೊಳವೆ. ಮಟ್ಟಸ ದಾರಿಯಲ್ಲಿ ಎರಡೂ ಬದಿಯ ಒಂದೊಂದು ಸೇರಿದ ಒಂದು ಜೋಡಿ ಮಾತ್ರ ಗಾಲಿ ತಿರುಗಿಸುತ್ತೆ. ಹಲ್ಲುಪಟ್ಟಿ ಬಂದಾಗ, ಆ ಜೋಡಿಯಲ್ಲಿ ಒಮ್ಮೆ ದುಡಿದು ಹೊರಬಂದ ಹಬೆಯನ್ನು ಬಿಟ್ಟುಬಿಡದೆ ಇನ್ನೊಂದು ಜೋಡಿಗೆ ಹಾಯಿಸಿ, ಅದರಿಂದ ಹಲ್ಲುಚಕ್ರ ತಿರುಗಿಸ್ತಾರೆ. ಒಂದೇ ಹಬೆಗೆ ಎರಡು ಸಲ ದುಡಿಮೆ.

ಬೆಟ್ಟ ಹತ್ತುವಾಗ ಎಂಜಿನ್ ಮುಂದೆ ಇರುವುದಿಲ್ಲ, ಹಿಂದಿನಿಂದ ತಳ್ಳುತ್ತೆ. ಕೊಂಡಿ ಕಳಚಿಕೊಂಡರೂ ಡಬ್ಬಿಗಳು ಕೆಳಗೆ ಓಡಿಹೋಗದಿರಲಿ ಅಂತ. ಹಾಗಾದರೆ ಡ್ರೈವರ್‌ಗೆ ಮುಂದಿನ ದಾರಿ ಕಾಣುವುದು ಹೇಗೆ? ಎಲ್ಲಕ್ಕಿಂತ ಮುಂದಿನ ಡಬ್ಬಿಯ ಮೂತಿಯಲ್ಲಿ ಬ್ರೇಕ್ಸ್‌ಮನ್ ಒಬ್ಬರು ಕೂತಿರ್ತಾರೆ, ಕೈಯಲ್ಲಿ ಹಸಿರು, ಕೆಂಪು ಬಾವುಟ. ಅವರು ಕಣ್ಣು, ಹಿಂದಿರುವ ಡ್ರೈವರ್ ಕೈ. ಪ್ರತಿ ಡಬ್ಬಿಗೂ ಒಬ್ಬ ಬ್ರೇಕ್ಸ್‌ಮನ್, ಎಂಜಿನ್ನಿನ ಸೀಟಿ ಕೇಳಿ ಕೈಯಲ್ಲೇ ಬ್ರೇಕ್ ಬಿಗಿ ಮಾಡ್ತಾರೆ, ಸಡಿಲ ಮಾಡ್ತಾರೆ. ನಾವು ಕಿಟಕಿಯಲ್ಲಿ ಮೊಬೈಲ್ ಹಿಡಿದು ಕೂತಿದ್ದಾಗ ನಮ್ಮ ಜೀವ ಇರುವುದು ಇವರ ಕೈಯಲ್ಲಿ. ಈ ರೈಲಿನ ಬಗ್ಗೆ ಬರುವ ವಿಡಿಯೋಗಳಲ್ಲಿ ಸುರಂಗ ಇರುತ್ತೆ, ಸೇತುವೆ ಇರುತ್ತೆ, ಇವರು ಮಾತ್ರ ಇರುವುದಿಲ್ಲ. ಅದು ನನಗೆ ತುಂಬಾ ಬೇಜಾರಿನ ವಿಷಯ.

ಇನ್ನು ಇತಿಹಾಸ. ಬೆಟ್ಟಕ್ಕೆ ರೈಲು ಬೇಕು ಅಂತ ಮಾತು ಹುಟ್ಟಿದ್ದು 1854ರಲ್ಲಿ. ಊಟಿಗೆ ರೈಲು ಬಂದದ್ದು 1908ರಲ್ಲಿ. ಅರ್ಧ ಶತಮಾನಕ್ಕೂ ಹೆಚ್ಚು. ನಡುವೆ 1882ರಲ್ಲಿ ಹಲ್ಲುಪಟ್ಟಿ ರೈಲಿನ ತಜ್ಞ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ರಿಗೆನ್‌ಬಾಖ್ ಬಂದು ಬೆಟ್ಟ ನೋಡಿಕೊಂಡು ಹೋದರು. ಕೊನೆಗೆ ಇಲ್ಲಿ ಹಾಕಿದ್ದು ಅವರ ಕೈಕೆಳಗೆ ಕೆಲಸ ಮಾಡಿದ್ದ ರೋಮನ್ ಆಬ್ಟ್ ರೂಪಿಸಿದ ಪಟ್ಟಿ. 1891ರಲ್ಲಿ ಕೆಲಸ ಶುರುವಾಯಿತು, ಕಂಪನಿ ದಿವಾಳಿಯಾಯಿತು, ಹೊಸ ಕಂಪನಿ ಕಟ್ಟಿ 1899ಕ್ಕೆ ಕೂನೂರು ಮುಟ್ಟಿಸಿದರು. 208 ತಿರುವು, 16 ಸುರಂಗ, 250 ಸೇತುವೆ. ಆ ಬಂಡೆ ಒಡೆದವರ, ಮಣ್ಣು ಹೊತ್ತವರ ಹೆಸರು ಯಾವ ಫಲಕದಲ್ಲೂ ಓದಲು ಸಿಗುವುದಿಲ್ಲ. ಗವರ್ನರುಗಳ ಹೆಸರು ಸಿಗುತ್ತೆ.

2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಡಾರ್ಜಿಲಿಂಗ್ ರೈಲಿನ ಜೊತೆಗೆ. ಒಳ್ಳೆಯದಾಯಿತು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಬಾಯ್ಲರ್ ಸವೆಯುವುದು ನಿಲ್ಲುವುದಿಲ್ಲವಲ್ಲ. ಹಳೆಯ ಎಂಜಿನ್‌ಗಳಿಗೆ ವಯಸ್ಸಾಗಿತ್ತು, ಬಿಡಿಭಾಗ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಆಗ ತಿರುಚಿರಾಪಳ್ಳಿಯ ಪೊನ್ಮಲೈ ರೈಲ್ವೆ ಕಾರ್ಯಾಗಾರದವರು ಎಕ್ಸ್ ಕ್ಲಾಸ್ ಎಂಜಿನ್‌ಗಳನ್ನು ಹೊಸದಾಗಿ ಕಟ್ಟಿದರು. ಮೊದಲು ಎಣ್ಣೆ ಉರಿಸುವಂಥವು, ಆಮೇಲೆ ಈ ದಶಕದ ಆರಂಭದಲ್ಲಿ ಕಲ್ಲಿದ್ದಲಿನವು ಕೂಡ.

ಇದಕ್ಕೆ ಮೂಗು ಮುರಿಯುವ ರೈಲು ಪ್ರಿಯರಿದ್ದಾರೆ. ನೂರು ವರ್ಷದ ಸ್ವಿಸ್ ಎಂಜಿನ್ನೇ ಅಸಲಿ, ಇದು ನಕಲು ಅನ್ನುತ್ತಾರೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಹಳೆಯ ಎಂಜಿನ್ನಿಗೆ ಬಣ್ಣ ಬಳಿದು ಸ್ಟೇಷನ್ ಮುಂದೆ ಕಟ್ಟೆಯ ಮೇಲೆ ನಿಲ್ಲಿಸುವುದು ಸುಲಭ, ಎಷ್ಟೋ ಊರುಗಳಲ್ಲಿ ಹಾಗೆ ನಿಲ್ಲಿಸಿದ್ದಾರೆ. ಹೊಸ ಬಾಯ್ಲರ್ ಕೂರಿಸಿ, ಹಲ್ಲುಚಕ್ರ ಕೊರೆದು, ಹಬೆ ತುಂಬಿ ಅದೇ ಏರಿಗೆ ಹತ್ತಿಸಬೇಕಾದರೆ ಆ ವಿದ್ಯೆ ಇವತ್ತಿನ ಮನುಷ್ಯರ ಕೈಯಲ್ಲಿ ಇರಬೇಕು. ಪೊನ್ಮಲೈಯಲ್ಲಿ ಉಳಿದದ್ದು ಆ ವಿದ್ಯೆ. ಬ್ರಿಟನ್ನಿನಲ್ಲಿ ವೇಲ್ಸ್‌ನ ತಾಲಿಥ್ಲಿನ್ ಎಂಬ ಪುಟ್ಟ ರೈಲನ್ನು 1951ರಿಂದ ಊರು ಪರಊರಿನ ಸ್ವಯಂಸೇವಕರು ಸೇರಿ ಓಡಿಸಿಕೊಂಡು ಬಂದಿದ್ದಾರೆ. ಅದು ದೊಡ್ಡ ಮಾತು, ಅವರ ಬಗ್ಗೆ ನನಗೆ ಗೌರವ ಇದೆ. ನಮ್ಮದು ಬೇರೆ ರೀತಿ: ಇಲ್ಲಿ ಸಂಬಳ ತೆಗೆದುಕೊಂಡು ಪಾಳಿ ಮೇಲೆ ದುಡಿಯುವ ನೌಕರರೇ ಇದನ್ನು ಉಳಿಸಿದವರು. ಅದಕ್ಕೇ ಇದನ್ನು ನಾನು ಇನ್ನೂ ಗಟ್ಟಿ ಅನ್ನುತ್ತೇನೆ.

ಕಷ್ಟ ಇಲ್ಲವೆಂದಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್ ಹಿಂಗಾರು ಮಳೆಯಲ್ಲಿ ಗುಡ್ಡ ಜರಿದು ಹಳಿ ಮೇಲೆ ಬೀಳುತ್ತೆ, ಗಾಡಿ ನಿಲ್ಲುತ್ತೆ. 2009ರ ನವೆಂಬರಿನಲ್ಲಂತೂ ದಾರಿ ತಿಂಗಳುಗಟ್ಟಲೆ ಮುಚ್ಚಿತ್ತು. ಆ ತಿಂಗಳುಗಳಲ್ಲಿ ಟಿಕೆಟ್ ತೆಗೆದುಕೊಂಡವರು ಗಾಡಿ ರದ್ದಾದರೆ ಸಿಟ್ಟಾಗಬೇಡಿ. ಮತ್ತೆ ಆನೆಗಳು. ದಾರಿಯ ನಡುವಿನ ಹಿಲ್‌ಗ್ರೋವ್ ಸ್ಟೇಷನ್ ಸಮೀಪ ಹಳಿ ಪಕ್ಕ ಕಟ್ಟಿದ ಗೋಡೆ ಆನೆಗಳ ದಾರಿಗೆ ಅಡ್ಡವಾಗಿ, ಅವು ಪರದಾಡುವ ವಿಡಿಯೋ ಎಲ್ಲ ಕಡೆ ಹರಿದಾಡಿತು. ಆಮೇಲೆ 2022ರಲ್ಲಿ ಆ ಗೋಡೆ ಒಡೆಸಿದರು. ಸರಿಯಾದ ಕೆಲಸ. ರೈಲು ಬರುವ ಮೊದಲೇ ಆ ಕಾಡು ಆನೆಗಳದ್ದು, ಪ್ರವಾಸಿಗರ ಅನುಕೂಲಕ್ಕೆ ಅಂತ ಇನ್ನೊಂದು ಗೋಡೆ ಏಳಬಾರದು.

ನಾನು ರೈಲ್ವೆಯವರಲ್ಲಿ ಕೇಳುವುದು ಒಂದು. ಹೊಸ ಸೆಲ್ಫಿ ಜಾಗ, ಹೊಸ ಬಣ್ಣ ಆಮೇಲೆ ಆಗಲಿ. ಸೀಟಿ ಕೇಳಿ ಬ್ರೇಕ್ ಹಿಡಿಯುವವರು, ಬೆಂಕಿಯ ಬಣ್ಣ ನೋಡಿ ಹಬೆ ಸಾಕೋ ಸಾಲದೋ ಹೇಳುವವರು ನಿವೃತ್ತರಾಗುವ ಮೊದಲೇ, ಅವರ ಪಕ್ಕದಲ್ಲಿ ನಿಂತು ಕಲಿಯುವ ಹುಡುಗ ಹುಡುಗಿಯರನ್ನು ಕೂನೂರು ಶೆಡ್ಡಿಗೆ ತೆಗೆದುಕೊಳ್ಳಿ. ನೀಲಗಿರಿಯ ಊರುಗಳವರಿಗೆ ಮೊದಲ ಅವಕಾಶ ಕೊಡಿ.